ಐವತ್ತಾರರ ಲೆಕ್ಕ ಒಪ್ಪಿಸಿದ ಕದರಯ್ಯನವರು

ದೇವರಾಯನದುರ್ಗದ ನರಸಿಂಹಸ್ವಾಮಿಯ ಆಣೆ, ಈ ಲೇಖನದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತುಮಕೂರು ಸೀಮೆಯ ದೂರವಾಣಿ ತಂತಿಗಳ ನಾಡಿ ಬಲ್ಲವರಲ್ಲಿ ಅಗ್ರಗಣ್ಯರಾದ ಶ್ರೀ ಕದರಯ್ಯನವರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ, ಈ 2008ರಲ್ಲಿ ನಿವೃತ್ತರಾಗಿದ್ದಾರೆ. ಗುಬ್ಬಿಯಲ್ಲಿ ರಿಸೀವರ್ ಕಿವಿಗಿಟ್ಟು, ಬೆಳ್ಳಾವಿಯ ಕಂಬದ ಮೇಲೆ ಕೂತ ಕಾಗೆಯ ತೂಕವನ್ನು ಅವರು ಹೇಳಿದ್ದುಂಟು. ಕಾಗೆಯನ್ನು ಹಿಡಿದು ತೂಗಿದವರಿಲ್ಲದ ಕಾರಣ ಅದು ಇಂದಿಗೂ ಸುಳ್ಳಾಗಿಲ್ಲ.

2001ರಲ್ಲಿ ಗುಬ್ಬಿಯ ಮಂಜುಶ್ರೀಯವರು ತಮ್ಮ ಟೈಪಿಂಗ್ ಅಂಗಡಿಗೆ ಇಂಟರ್ನೆಟ್ ಹಾಕಿಸಿದರು. ಫೋನ್ ತಂತಿಗೆ ಜೋಡಿಸುವ ಮೋಡೆಮ್ ಪೆಟ್ಟಿಗೆಯ ಮೇಲೆ ವೇಗ ಐವತ್ತಾರು ಎಂದಿತ್ತು. ಪರದೆ ಮೂರು ತೋರಿಸುತ್ತಿತ್ತು. ‘ಮಿಕ್ಕ ಐವತ್ತಮೂರನ್ನು ಲೈನ್‌ಮನ್ ಕದರಯ್ಯ ಬೇರೆಯವರಿಗೆ ಹಂಚುತ್ತಿದ್ದಾರೆ’ ಎಂದು ಅವರು ತುಮಕೂರಿನ ದೂರವಾಣಿ ಕಚೇರಿಗೆ ದೂರು ಬರೆದರು. ಹನ್ನೊಂದು ವರ್ಷ ಕಾದಿದ್ದ ಬಡ್ತಿ ಕದರಯ್ಯನವರಿಗೆ ಆ ತಿಂಗಳೇ ಬರಬೇಕಿತ್ತು. ಕಡತದಲ್ಲಿ ದೂರಿದ್ದರೆ ಬಡ್ತಿಯಿಲ್ಲ.

“ನಮ್ಮ ಐವತ್ತಮೂರು ಎಲ್ಲಿ ಸಾರ್?” ಎಂದರು ಮಂಜುಶ್ರೀ, ಕದರಯ್ಯನವರು ಅಂಗಡಿಗೆ ಬಂದೊಡನೆ.

“ಜೇಬಲ್ಲಿಟ್ಕೊಂಡಿದೀನಿ, ತಡಿಯವ್ವ,” ಎಂದ ಕದರಯ್ಯನವರು ಬಾಗಿಲಲ್ಲಿ ಹೂ ಮಾರುತ್ತಿದ್ದ ಮರಿಯಮ್ಮನವರನ್ನು ಕರೆದು, ಎಂಟು ಮೊಳ ಹೂ ಅಳೆಸಿ ಒಂದು ಉಂಡೆ ಸುತ್ತಿಸಿದರು. “ಮೊಳ ಅಂದ್ರೆ ಬಿಟ್, ಉಂಡೆ ಅಂದ್ರೆ ಬೈಟ್. ಪೆಟ್ಟಿಗೆಯವ್ನು ಸೆಕೆಂಡಿಗೆ ಐವತ್ತಾರು ಸಾವಿರ ಮೊಳ ಅಂತ ಬರ್ದವ್ನೆ. ನಿನ್ನ ಪರದೆ ಉಂಡೆ ಎಣಿಸ್ತದೆ. ಎಷ್ಟಾಯ್ತು?”

“ಏಳು ಸಾವಿರ ಉಂಡೆ.”

“ದಾರೀಲಿ ಹೂ ಉದುರ್ತದೆ. ಏಳರಲ್ಲಿ ಐದು ಮನೆಗೆ ಸೇರಿದ್ರೆ ಪುಣ್ಯ.”

“ನನ್ ಹೂ ಉದುರಲ್ಲ ಕಣಯ್ಯ!” ಎಂದರು ಮರಿಯಮ್ಮ.

ಕದರಯ್ಯನವರು ಕೈಗಡಿಯಾರ ಹಿಡಿದು, ಮುನ್ನೂರು ಸಾವಿರ ಬೈಟಿನ ಫೈಲೊಂದನ್ನು ಇಳಿಸಿ ನೋಡಿದರು. ನೂರು ಸೆಕೆಂಡು ಹಿಡಿಯಿತು. ಸೆಕೆಂಡಿಗೆ ಮೂರು ಸಾವಿರ.

ಮಂಜುಶ್ರೀಯವರ ಕಣ್ಣು ತುಂಬಿತು. “ತಪ್ಪಾಯ್ತು ಸಾರ್. ಇವತ್ತೇ ದೂರು ವಾಪಸ್ ತಗೋತೀನಿ.”

“ತಗೋಬ್ಯಾಡ. ಕಳ್ಳ ಅಂದಿರೋದ್ನ ಹೊಡೆದಾಕಿ, ಲೈನ್ ಕೆಟ್ಟೈತೆ ಅಂತ ಬರಿ. ಐದರಲ್ಲಿ ಎರಡು ನನ್ ಲೈನೇ ತಿಂತಾ ಐತೆ. ಹಳೇ ತಂತಿ, ಹದಿನೇಳು ಗಂಟು. ನಾನು ಕೇಳಿದ್ರೆ ಸ್ಟೋರಿನೋರು ಕೊಡಲ್ಲ. ಗಿರಾಕಿ ದೂರಿದ್ರೇನೇ ಹೊಸ ತಂತಿ ಬರೋದು.”

“ನಿಮ್ಮ ಬಡ್ತಿ?”

“ಅದ್ರಲ್ಲಿ ಫೈಲು ಇಳಿಯಲ್ಲ, ಬುಡವ್ವ.”

ತಂತಿ ಬಂತು. ಅದೇ ಫೈಲು ಅರವತ್ತು ಸೆಕೆಂಡಿಗೆ ಇಳಿಯಿತು. ಬಡ್ತಿ ಇನ್ನೊಬ್ಬರ ಪಾಲಾಗಿ, ಕದರಯ್ಯನವರಿಗೆ ಕುಣಿಗಲ್ಲಿಗೆ ವರ್ಗವಾಯಿತು. ಹೊರಡುವ ದಿನ ಮಂಜುಶ್ರೀಯವರು ಹೂವಿನ ಉಂಡೆಯೊಂದನ್ನು ಕೊಟ್ಟರು. ಕದರಯ್ಯನವರು ಬಸ್ಸಿನಲ್ಲಿ ಅಳೆದು ನೋಡಿದರು. ಒಂಬತ್ತು ಮೊಳವಿತ್ತು. ಮರಿಯಮ್ಮನವರು ಹೆಚ್ಚಿಗೆ ಅಳೆದದ್ದು ಗುಬ್ಬಿಯ ಚರಿತ್ರೆಯಲ್ಲಿ ಅದೊಂದೇ ಸಲ.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಮಂಜುಶ್ರೀಯವರು ಅದೇ ಅಂಗಡಿಯಲ್ಲಿ ಕದರಯ್ಯನವರನ್ನು ಕೂರಿಸಿಕೊಂಡು ಓದಿ ಹೇಳಿದರು. “ಕದರಯ್ಯನವರು ನೂರ್ಕಾಲ ಬಾಳಲಿ, ಇನ್ನಾದರೂ ಕಂಬ ಹತ್ತುವುದನ್ನು ಬಿಟ್ಟು, ನೆರಳಲ್ಲಿ ಕೂತು, ಕಿರಿಯರಿಗೆ ತಮ್ಮ ವಿದ್ಯೆಯನ್ನು—” ಎನ್ನುವಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಯಾರೋ ಫೋನಿಗೆ, “ಹಲೋ, ಹಲೋ, ಬರೀ ಗೊರಗೊರ ಅಂತೈತೆ ಕಣೋ!” ಎಂದು ಕೂಗಿದರು. ಕದರಯ್ಯನವರು ಇಕ್ಕಳ ತೆಗೆದುಕೊಂಡು ಎದ್ದು ಹೋದರು.