ಇಬ್ಬರೇ ಇಳಿದ ನೀರು

ದೆವ್ವ ಕಂಡೆ, ಭೂತ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಅಂಥವರು ಕಥೆ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದೆ. ನಾನು ಸಿಟ್ಟಿನ ಮನುಷ್ಯ, ಮುಚ್ಚಿಡುವುದೇನಿದೆ. ನನ್ನ ಅಪನಂಬಿಕೆಗೆ ಕಾರಣವೂ ಇತ್ತು. ನಾನು ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ರಜೆಯ ದಿನಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೀರಿಗೆ ಬಿದ್ದವರನ್ನು ಹುಡುಕಿ ತೆಗೆಯುವ ಒಂದು ಸಣ್ಣ ತಂಡದ ಜೊತೆ ಹೋಗುತ್ತೇನೆ. ಅಣೆಕಟ್ಟಿನ ಹಿನ್ನೀರು, ಕಾಲುವೆ, ಬಾವಿ, ಎಲ್ಲ ಕಡೆ ಇಳಿದಿದ್ದೇನೆ. ಎಷ್ಟೋ ಹೆಣಗಳನ್ನು ಈ ಕೈಯಿಂದಲೇ ಎತ್ತಿ ದಂಡೆಗೆ ಹಾಕಿದ್ದೇನೆ. ಸತ್ತವರು ಏನೂ ಮಾಡುವುದಿಲ್ಲ, ತಣ್ಣಗೆ ಭಾರವಾಗಿರುತ್ತಾರೆ ಅಷ್ಟೇ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಸಂಜೆಯಿಂದ ಈಚೆಗೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ನಮ್ಮ ತಂಡಕ್ಕೆ ಒಂದು ಕೊರತೆಯಿತ್ತು. ಹೊತ್ತು ಮುಳುಗಿದ ಕೂಡಲೇ ಹುಡುಕಾಟ ನಿಲ್ಲಿಸಬೇಕಾಗುತ್ತಿತ್ತು. ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಬೆಳಗಾಗುವ ತನಕ ನೀರನ್ನೇ ನೋಡುತ್ತ ಕೂತಿರುತ್ತಿದ್ದರು. ಆ ಸಂಕಟ ನೋಡಲಾರದೆ, ನಮಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸಿದ ಜಾಧವ ಸರ್, ಕತ್ತಲಲ್ಲಿ ಇಳಿಯುವುದನ್ನೂ ಕಲಿಸಲು ಒಪ್ಪಿದರು. ಟಾರ್ಚನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಕೈಗೆ ಒಗ್ಗುವಂಥದ್ದನ್ನು ತಾವೇ ಆರಿಸಿ ತರಬೇಕು ಎಂದರು. ನಾನು ಶರಣುವನ್ನು ಕರೆದುಕೊಂಡು ಪುಣೆಗೆ ಹೋದೆ.

ಶರಣು ನನ್ನ ಹೆಂಡತಿ ಕಸ್ತೂರಿಯ ತಮ್ಮ. ಯಾದಗಿರಿ ಕಡೆಯಿಂದ ಬಂದು ತಳೇಗಾಂವದಲ್ಲೇ ಸೆಂಟ್ರಿಂಗ್ ಕೆಲಸ ಮಾಡಿಕೊಂಡಿದ್ದ. ಈಜಿನಲ್ಲಿ ಅವನ ಮುಂದೆ ನಾನು ಯಾವ ಲೆಕ್ಕಕ್ಕೂ ಇಲ್ಲ. ಹಟದಲ್ಲಿ ಮಾತ್ರ ಇಬ್ಬರೂ ಸಮ. ಅತ್ತೆಗೆ ಇವನೊಬ್ಬನೇ ಮಗ. ಅವನನ್ನು ತಂಡಕ್ಕೆ ಸೇರಿಸಿಕೊಂಡ ದಿನ ಅವರು, "ಇವನ್ನ ನಿಮ್ಮ ಉಡಿಯಾಗ ಹಾಕೀನ್ರಿ, ನನಗ ಇನ್ನೊಬ್ಬ ಮಗ ಇಲ್ಲ" ಎಂದಿದ್ದರು. ಆ ಮಾತು ಸದಾ ನನ್ನ ತಲೆಯಲ್ಲಿರುತ್ತಿತ್ತು.

ಪುಣೆಯಲ್ಲಿ ಮುಳುಗುವವರ ಸಾಮಾನು ಮಾರುವ ಅಂಗಡಿಗೆ ಹೋದೆವು. ಅಂಗಡಿಯಾಕೆ ಸ್ವತಃ ಸಮುದ್ರದಲ್ಲಿ ಮುಳುಗಿ ಬಂದವಳು. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಮರುಳಾಗಬೇಡಿ ಎಂದು ಮರಾಠಿಯಲ್ಲಿ ಗದರಿಸಿ, ಹೂವಿನ ಕುಂಡದಿಂದ ಹಿಡಿ ಮಣ್ಣು ತೆಗೆದು ಬಕೆಟ್ಟಿನ ನೀರಿಗೆ ಕಲಸಿದಳು. ಒಂದು ಚಮಚ ಹಾಕಿ, ಬಕೆಟ್ಟನ್ನು ಬಚ್ಚಲಿಗೆ ಒಯ್ದು, ಕತ್ತಲಾಗಲೆಂದು ಬಾಗಿಲು ಮುಚ್ಚಿ, ಎರಡು ಟಾರ್ಚುಗಳನ್ನು ಒಂದೊಂದಾಗಿ ಮುಳುಗಿಸಿ ಹಚ್ಚಿದಳು. ಅಗಲ ಬೆಳಕಿನದಕ್ಕೆ ನೀರೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಯಿತು, ಚಮಚ ಕಾಣಲೇ ಇಲ್ಲ. ಕಿರಿದಾದ ಬೆಳಕಿನದು ಕೋಲಿನಂತೆ ನೇರ ಹೋಗಿ ಚಮಚವನ್ನು ಮುಟ್ಟಿತು. ಅಗಲದ್ದು ತಿಳಿನೀರಿಗೆ, ಫೋಟೋ ತೆಗೆಯುವವರಿಗೆ. ಕೆಸರು ನೀರಿನಲ್ಲಿ ಮನುಷ್ಯರನ್ನು ಹುಡುಕಲು ಇದೇ ಬೇಕು ಎಂದಳು. ಜೊತೆಗೊಂದು ಸಣ್ಣ ಟಾರ್ಚು ಇಟ್ಟುಕೊಳ್ಳಿ, ಮುಚ್ಚಳದ ರಬ್ಬರ್ ಉಂಗುರದ ಮೇಲೆ ಒಂದು ಕೂದಲು ಕೂತರೂ ನೀರು ಒಳಗೆ ಹೋಗುತ್ತದೆ, ಕೂಸನ್ನು ನೋಡಿಕೊಳ್ಳುವ ಹಾಗೆ ಜೋಪಾನ ಮಾಡಿ ಎಂದಳು. ಜೊತೆಯವನ ಮುಖಕ್ಕೆ ಎಂದೂ ಬೆಳಕು ಬಿಡಬೇಡಿ, ಕಣ್ಣು ಕುಕ್ಕಿ ಗಾಬರಿಬಿದ್ದವನು ನಿಮ್ಮನ್ನೇ ಹಿಡಿಯುತ್ತಾನೆ ಎಂದೂ ಎಚ್ಚರಿಸಿದಳು.

ನಾನು ಕಿರಿದಾದ ಬೆಳಕಿನ, ಅಲ್ಯುಮಿನಿಯಂ ಮೈಯ ದಪ್ಪ ಟಾರ್ಚು ಆರಿಸಿದೆ. ಅಂಚು ಹಲ್ಲು ಹಲ್ಲಾಗಿತ್ತು. ಕೈಗವಸು ಹಾಕಿಕೊಂಡೂ ಒತ್ತಬಹುದಾದ ದೊಡ್ಡ ಗುಂಡಿ, ಮಣಿಕಟ್ಟಿಗೆ ಹಾಕಿಕೊಳ್ಳುವ ದಾರ. ಶರಣು ಅಗಲದ್ದನ್ನೇ ಹಿಡಿದು ಕೂತ.

"ಮಾಮಾ, ಇದು ಹಗಲು ಮಾಡ್ತದ ನೋಡ್ರಿ."

"ಹಗಲಲ್ಲ, ಬರೇ ಮಣ್ಣು ಕಾಣಸ್ತದ. ಈಗಷ್ಟೇ ನೋಡಿದೆಲ್ಲ, ಕಣ್ಣ ಇಲ್ಲೇನು ನಿನಗ?"

ಕೇಳಲಿಲ್ಲ. ಸಣ್ಣ ಟಾರ್ಚನ್ನೂ ಬೇಡವೆಂದ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡು ಕೂತೆವು.

ಅಭ್ಯಾಸಕ್ಕೆ ಜಾಧವ ಸರ್ ಗೊತ್ತುಮಾಡಿದ್ದು ಊರಾಚೆಯ ಒಂದು ಹಳೆಯ ಕಲ್ಲಿನ ಖಣಿ. ಕೆಲಸ ನಿಂತು ಎಷ್ಟೋ ಕಾಲವಾಗಿ, ನೀರು ತುಂಬಿ ನಿಂತಿತ್ತು. ಹೊತ್ತು ಮುಳುಗುವ ಮೊದಲೇ ಅಲ್ಲಿದ್ದೆವು. ನಮ್ಮ ಮೂವರ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಶರಣು ಬಂಡೆಯ ಮೇಲೆ ಕೂತು ತನ್ನ ಟಾರ್ಚು ಬಿಚ್ಚಿ, ಗಾಳಿ ಧೂಳಿನಲ್ಲೇ ಸೆಲ್ ಹಾಕಿ, ರಬ್ಬರ್ ಒರೆಸದೆ ಮುಚ್ಚಳ ತಿರುಗಿಸಿದ. ನನ್ನ ತಲೆ ಕೆಟ್ಟಿತು. ಹೋಗಿ ಅವನ ಕುತ್ತಿಗೆಪಟ್ಟಿಗೆ ಕೈ ಹಾಕಿದೆ.

"ನಿಮ್ಮವ್ವಗ ನಾ ಜವಾಬು ಕೊಡಬೇಕಲೇ, ಶರಣ್ಯಾ!"

ಅವನೂ ನನ್ನ ಎದೆಗೆ ಗುದ್ದಿದ. ಹಿಂದಕ್ಕೆ ಬಿದ್ದು ಮೊಣಕೈ ತರಚಿತು. "ಸರ್ ಮುಂದ ಮರ್ಯಾದಿ ತಗದ್ರಿ. ನೀರಾಗ ಬರ್ರಿ, ನೋಡ್ಕೋತೀನಿ ನಿಮ್ಮನ್ನ" ಎಂದ. ಜಾಧವ ಸರ್ ಇಬ್ಬರನ್ನೂ ಬಿಡಿಸಿ, ಚೆನ್ನಾಗಿ ಬೈದು, ಜಗಳವಾಡುವವರನ್ನು ನೀರಿಗೆ ಇಳಿಸುವುದಿಲ್ಲ ಎಂದರು. ನಾವು ಕೈ ಕುಲುಕಿದೆವು. ಆದರೆ ಅವನ ಕಣ್ಣು ಇನ್ನೂ ಕೆಂಪಗಿತ್ತು, ನನ್ನದೂ ಹಾಗೇ ಇದ್ದಿರಬೇಕು.

ಪೂರ್ತಿ ಕತ್ತಲಾದ ಮೇಲೆ ಇಳಿದೆವು. ದಂಡೆಯಿಂದ ತಳದವರೆಗೆ ಒಂದು ಹಗ್ಗ ಕಟ್ಟಿತ್ತು, ಅದನ್ನು ಹಿಡಿದು ಹೋಗಬೇಕು. ಜಾಧವ ಸರ್ ದಂಡೆಯಲ್ಲಿ ಹಗ್ಗದ ತುದಿ ಹಿಡಿದು ನಿಂತಿದ್ದರು. ಶರಣು ಮುಂದೆ, ನಾನು ಹಿಂದೆ. ಅವನ ಅಗಲ ಬೆಳಕು ಕೆಸರಿನಲ್ಲಿ ಬೆಳ್ಳಗೆ ಹರಡಿತ್ತು, ಅವನು ಮಾತ್ರ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಬೆಳಕು ಮಿಣುಕಿ ಆರಿತು. ನೀರು ಹೊಕ್ಕಿತು, ಹೇಳಿದರೆ ಕೇಳಬೇಕಲ್ಲ ಎಂದು ಬೈದುಕೊಂಡು, ಅವನನ್ನು ಹುಡುಕಲು ನನ್ನ ಟಾರ್ಚು ತಿರುಗಿಸಿದೆ.

ಆಗ ಎರಡು ಕೈಗಳು ನನ್ನ ಗಂಟಲು ಹಿಡಿದವು.

ತಮಾಷೆಯ ಹಿಡಿತವಲ್ಲ. ಹೆಬ್ಬೆರಳುಗಳು ಗಂಟಲಿನ ಗಂಟನ್ನು ಒಳಕ್ಕೆ ಒತ್ತುತ್ತಿದ್ದವು. ನಾನು ಒದ್ದೆ. ಬಾಯಲ್ಲಿದ್ದ ಉಸಿರಿನ ಕೊಳವೆ ಕಿತ್ತು ಹೋಯಿತು, ಮಾಸ್ಕ್ ಸರಿದು ಕಣ್ಣು ಮೂಗಿಗೆ ನೀರು ನುಗ್ಗಿತು. ತಳದ ಕೆಸರೆಲ್ಲ ಎದ್ದು ಏನೂ ಕಾಣದಾಯಿತು. ನೋಡ್ಕೋತೀನಿ ಅಂದಿದ್ದನಲ್ಲ, ನೋಡಿಕೊಳ್ಳುತ್ತಿದ್ದಾನೆ, ಕೊಲ್ಲುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಎಡಗೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದೆ. ಬಲಗೈಯ ಟಾರ್ಚಿನಿಂದ ತಲೆ ಇರಬೇಕಾದ ಕಡೆ ಇದ್ದಬಿದ್ದ ಬಲವೆಲ್ಲ ಹಾಕಿ ಬಾರಿಸಿದೆ. ಮತ್ತೆ ಬಾರಿಸಿದೆ. ತೆಂಗಿನಕಾಯಿ ಒಡೆದಾಗ ಕೈಗೆ ಬರುತ್ತದಲ್ಲ ಆ ಅದುರು, ಅದು ನನ್ನ ಮೊಣಕೈವರೆಗೆ ಬಂತು. ಬೆಳಕಿನ ಕೋಲಿನಲ್ಲಿ ಕೆಂಪಗೆ ಹೊಗೆಯಂತೆ ಏನೋ ಹರಡಿತು. ಕೈಗಳು ಸಡಿಲಾದವು.

ಹೇಗೋ ಕೊಳವೆ ಹುಡುಕಿ ಬಾಯಿಗಿಟ್ಟುಕೊಂಡೆ. ಉಸಿರು ಬಂದ ಕೂಡಲೇ ಬುದ್ಧಿಯೂ ಬಂತು. ಅಯ್ಯೋ ದೇವರೇ, ಶರಣುವನ್ನು ಕೊಂದೆ! ಕೆಸರಿನಲ್ಲಿ ಕೈಯಾಡಿಸಿ ತಡಕಾಡಿದೆ. ಕಾಲಾಗಲಿ, ಕೈಯಾಗಲಿ ಸಿಗಲಿಲ್ಲ. ಅತ್ತೆಯ ಮುಖ, ಕಸ್ತೂರಿಯ ಮುಖ ಎದುರು ಬಂದವು. ಮೇಲೆ ಬಂದು ಹುಚ್ಚನಂತೆ ಕಿರುಚಿದೆ, "ಶರಣ್ಯಾ ಹೋದ! ಹೊಡದುಬಿಟ್ಟೆ ಸರ್, ನಾನೇ ಹೊಡದೆ!"

"ಯಾಕ ಮಾಮಾ, ಏನಾತು?"

ಶರಣು ಬಂಡೆಯ ಮೇಲೆ ಟವೆಲ್ ಹೊದ್ದು ಕೂತಿದ್ದ. ಬಿಚ್ಚಿದ ಟಾರ್ಚಿನಿಂದ ನೀರು ಬಗ್ಗಿಸುತ್ತಿದ್ದ. ಬೆಳಕು ಆರಿದ ಕೂಡಲೇ, ಕಲಿಸಿದ ನಿಯಮದಂತೆ, ಹಗ್ಗ ಹಿಡಿದು, ಕೆಸರಿನಲ್ಲಿ ನನಗೆ ಕಾಣದಂತೆ ಪಕ್ಕದಿಂದಲೇ ಮೇಲೆ ಬಂದಿದ್ದನಂತೆ. ಜಾಧವ ಸರ್ ಅವನನ್ನು ತಾವೇ ಕೈಹಿಡಿದು ಎಳೆದುಕೊಂಡಿದ್ದರು. ನಾನು ದಂಡೆ ಹತ್ತಿ ಹೋಗಿ ಮೊದಲು ಅವನ ಕೆನ್ನೆಗೊಂದು ಬಿಟ್ಟೆ. ಆಮೇಲೆ ಎರಡೂ ಕೈಯಿಂದ ಅವನ ತಲೆ ಹಿಡಿದು, ಕೂದಲೊಳಗೆ ಬೆರಳಾಡಿಸಿ, ಬುರುಡೆಯನ್ನೆಲ್ಲ ಮುಟ್ಟಿ ನೋಡಿದೆ. ಎಲ್ಲೂ ಗಾಯವಿಲ್ಲ. ಅವನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವನು ಪಾಪ, ಕೆನ್ನೆ ಸವರಿಕೊಳ್ಳುತ್ತಿದ್ದ.

ನನ್ನ ಎಡಮುಷ್ಟಿ ಇನ್ನೂ ಬಿಗಿದೇ ಇತ್ತು. ಬಿಚ್ಚಿದಾಗ ಅದರಲ್ಲಿ ಒಂದು ಅಂಗಿಯ ಗುಂಡಿ ಇತ್ತು. ದಾರದ ಸಮೇತ ಕಿತ್ತು ಬಂದದ್ದು, ಹಿಂದೆ ಉಗುರಿನಷ್ಟು ನೀಲಿ ಬಟ್ಟೆ. ನಾವು ಹಾಕಿಕೊಂಡ ರಬ್ಬರ್ ಉಡುಪಿಗೆ ಗುಂಡಿ ಇರುವುದಿಲ್ಲ.

ಜಾಧವ ಸರ್ ನನ್ನ ಟಾರ್ಚನ್ನೇ ತೆಗೆದುಕೊಂಡು ಆಗಲೇ ಇಳಿದರು. ಮರುದಿನ ಇಡೀ ತಂಡ ಇಳಿಯಿತು. ಒಂದು ಮುರಿದ ಸೈಕಲ್ಲು, ವಿಸರ್ಜನೆ ಮಾಡಿದ ಗಣಪತಿಗಳ ಕಬ್ಬಿಣದ ಸರಳುಗಳು ಸಿಕ್ಕವು, ಮನುಷ್ಯರು ಸಿಗಲಿಲ್ಲ. ಪೊಲೀಸರಿಗೂ ಹೇಳಿದೆವು. ಸುತ್ತಲಿನ ಕಾರ್ಮಿಕರ ವಸ್ತಿಗಳಲ್ಲಿ ಕೇಳಿ ನೋಡಿದರು, ಯಾರೂ ಕಾಣೆಯಾಗಿರಲಿಲ್ಲ. ಗಾಬರಿಯಲ್ಲಿ ನಿನ್ನ ಕೊಳವೆಯೇ ಕುತ್ತಿಗೆಗೆ ಸುತ್ತಿರಬೇಕು, ಬಂಡೆಗೆ ಹೊಡೆದಿರಬೇಕು, ರಕ್ತ ನಿನ್ನ ಮೂಗಿನದೇ ಎಂದರು ಜಾಧವ ಸರ್. ನನ್ನ ಮೂಗಿನಿಂದ ರಕ್ತ ಬಂದದ್ದು ನಿಜ. ಆದರೆ ನನ್ನ ಗಂಟಲಿನ ಮೇಲೆ ಬೆರಳುಗಳ ಗುರುತು ಮೂಡಿತ್ತು. ನೋಡಿದ ಡಾಕ್ಟರು ಮನೆಯಲ್ಲಿ ಜಗಳವೇ ಎಂದು ಕೇಳಿದರು. ಗುಂಡಿಯ ದಾರವಂತೂ ನಿನ್ನೆ ಮೊನ್ನೆ ಹೊಲಿದಷ್ಟು ಬೆಳ್ಳಗಿತ್ತು.

ಅದು ದೆವ್ವವೇ ಎಂದು ನೀವು ಕೇಳಿದರೆ ನಾನು ಇವತ್ತಿಗೂ ಹೌದು ಎನ್ನಲಾರೆ. ಇಲ್ಲ ಎನ್ನುವ ಧೈರ್ಯವೂ ಇಲ್ಲ. ನನ್ನನ್ನು ಕಾಡುವುದೇ ಬೇರೆ. ಮುಳುಗುತ್ತಿರುವವನು ಹತ್ತಿರ ಬಂದವನ ಗಂಟಲನ್ನೇ ಹಿಡಿಯುತ್ತಾನೆ ಎಂದು ತಂಡಕ್ಕೆ ಬಂದ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವನು ನಾನು. ಅವನು ಕೊಲ್ಲಲು ಹಿಡಿಯುವುದಿಲ್ಲ. ಬದುಕಲು ಹಿಡಿಯುತ್ತಾನೆ.

ಆ ಗುಂಡಿಯನ್ನು ನದಿಗೆ ಬಿಟ್ಟು ಬನ್ನಿ ಎಂದು ಕಸ್ತೂರಿ ಕೈಮುಗಿದು ಕೇಳಿದಳು. ಬಿಡಲಿಲ್ಲ. ಈಗ ನಮ್ಮ ತಂಡ ಕತ್ತಲಲ್ಲೂ ಇಳಿಯುತ್ತದೆ, ಶರಣು ನನ್ನ ಜೊತೆಗೇ ಇರುತ್ತಾನೆ, ಅಂದಿನ ಏಟಿಗೆ ಅಂಚು ನೆಗ್ಗಿದ ಅದೇ ಟಾರ್ಚು ನನ್ನ ಕೈಯಲ್ಲಿರುತ್ತದೆ. ಯಾರನ್ನೇ ನೀರಿನಿಂದ ತೆಗೆದರೂ, ಅವರ ಮುಖ ನೋಡುವ ಮೊದಲು ಅಂಗಿಯ ಗುಂಡಿಗಳನ್ನು ನೋಡುತ್ತೇನೆ.