ಊರಿಗೆ ಹೋಗಲೆಂದು ಆರಿಸಿದ ಸಪ್ಲೈ ಚೈನ್

ಗೆಳೆಯರೇ, ಎಂ.ಟೆಕ್ ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ ಇವತ್ತು ಸ್ಪೆಷಲೈಸೇಶನ್ ಆರಿಸಬೇಕಿತ್ತು. ನಾನು ಸಪ್ಲೈ ಚೈನ್ ಎಂದೆ. ಮೇಡಂ ಹೆಸರು ಬರೆದುಕೊಂಡು, "ಅದೇ ಯಾಕೆ?" ಎಂದರು.

"ಫೀಲ್ಡ್ ವಿಸಿಟ್‌ಗೆ ಸಿಂಧನೂರು ರೈಸ್ ಮಿಲ್‌ಗೆ ಕರ್ಕೊಂಡು ಹೋಗ್ತೀರಂತಲ್ರೀ. ಅಲ್ಲಿಂದ ನಮ್ಮ ಗೊರೇಬಾಳ ಹತ್ರ ಐತ್ರೀ. ನೆಲ್ಲು ಕುದಿಸೋ ವಾಸನಿ ಮೂಗಿಗೆ ಬಿದ್ದು ಭಾಳ ದಿನ ಆತ್ರೀ."

ಮೇಡಂ ನಕ್ಕುಬಿಟ್ಟರು. "ಮಿಲ್‌ಗೆ ಹೋಗೋದು ಕ್ವಾಲಿಟಿಯವರು ಕಣಮ್ಮ. ಸಪ್ಲೈ ಚೈನ್‌ನವರನ್ನ ಕರ್ಕೊಂಡು ಹೋಗೋದು ಬಂದರಿಗೆ."

ಹಾಸ್ಟೆಲ್‌ಗೆ ಬಂದವಳೇ ಅವ್ವನಿಗೆ ಫೋನ್ ಮಾಡಿ ಅತ್ತೆ.

"ಅಳಬ್ಯಾಡ ಯವ್ವಾ. ನಮ್ಮೂರ ಅಕ್ಕಿ ಅಲ್ಲೇ ಹಡಗ ಹತ್ತತಾವಂತ. ಅವನ್ನರ ಮಾತಾಡಿಸಿ ಬಾ."

ಬಂದರಿನಲ್ಲಿ ಅಕ್ಕಿ ಚೀಲ ತಬ್ಬಿಕೊಂಡು ನಿಂತವಳು ಕಂಡರೆ ದಯವಿಟ್ಟು ಫೋಟೊ ತೆಗೆಯಬೇಡಿ. ನಾವಿಬ್ಬರೂ ಒಂದೇ ಊರಿನವರು.