ಮೈಕ್‌ಗೆ ಕೇಳಿಸಿದ ದವಡೆ

ಜನ ಮಾಸ್ಕ್ ತೆಗೆದು ಓಡಾಡಲು ಶುರುಮಾಡಿದ ವರ್ಷ. ಚಾಮರಾಜಪೇಟೆಯ ನನ್ನ ದಂತ ಚಿಕಿತ್ಸಾಲಯ ಆಗಲೇ ಹಳೆಯದು. ಬಾಡಿಗೆಯಿಂದ ಹಿಡಿದು ರೋಗಿಯ ಕುರ್ಚಿಯವರೆಗೆ ಎಲ್ಲವನ್ನೂ ಚೌಕಾಸಿ ಮಾಡಿಯೇ ಕಟ್ಟಿದ್ದು. ಅಲ್ಲಿಗೆ ಗಿರಿಜಾ ಬಂದರು. ಗಾಂಧಿನಗರದ ಸ್ಟುಡಿಯೊಗಳಲ್ಲಿ ನಾಯಕಿಯರಿಗೆ ಕಂಠ ಕೊಡುವ ಡಬ್ಬಿಂಗ್ ಕಲಾವಿದೆ.

"ಬಲಗಡೆ ಕೊನೇ ಹಲ್ಲು ಕಿತ್ತುಬಿಡಿ ಡಾಕ್ಟ್ರೇ. ಬಾಯಿ ತೆಗೆದ್ರೆ ನೋವು, ಜೊತೆಗೆ ಕಟಕ್ ಅನ್ನತ್ತೆ. ಮೈಕ್ ಅದನ್ನೂ ಹಿಡಿಯತ್ತೆ. ಎಂಜಿನಿಯರ್ ಕೇಬಲ್ ಎಲ್ಲಾ ಬದಲಾಯಿಸಿದ್ಮೇಲೆ ಗೊತ್ತಾಯ್ತು, ಕೆಟ್ಟಿರೋದು ನಾನು ಅಂತ. ಸರಿ ಹೋಗ್ದಿದ್ರೆ ಈ ಪಿಕ್ಚರ್ ಬೇರೆಯವ್ರಿಗೆ ಹೋಗತ್ತೆ."

ಹಲ್ಲು ಗಟ್ಟಿಯಾಗಿತ್ತು. ಕಿವಿಯೂ ಸರಿಯಿದೆ ಎಂದು ಕಿವಿಯ ವೈದ್ಯರು ಹೇಳಿದ್ದರು. ಬೆಳಗ್ಗೆ ದವಡೆ ಬಿಗಿತ, ಕಣತಲೆಯಲ್ಲಿ ನೋವು. ಇವೆಲ್ಲ ಟಿಎಂಜೆಯತ್ತ ಬೊಟ್ಟುಮಾಡುತ್ತವೆ. ಟಿಎಂಜೆ ಎಂದರೆ ಕಿವಿಯ ಮುಂದೆ ಕೆಳದವಡೆ ತಲೆಬುರುಡೆಗೆ ಸೇರುವ ಕೀಲು. ಅದರ ನೋವು ಹಲ್ಲಿನದೆಂದೋ ಕಿವಿಯದೆಂದೋ ಮೋಸಮಾಡುತ್ತದೆ. ಆದರೆ ಕಾರಣ? ಪೆಟ್ಟು ಬಿದ್ದಿಲ್ಲ, ಸಂಧಿವಾತವಿಲ್ಲ, ಎಕ್ಸ್‌ರೇಯಲ್ಲಿ ದೋಷವಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದಿಲ್ಲ ಎಂದು ಗಂಡನ ಸಾಕ್ಷಿ ಬೇರೆ. ಮಾತೇ ಕಾರಣ ಎನ್ನೋಣವೆಂದರೆ, ವರ್ಷಗಟ್ಟಲೆ ಮಾತಾಡಿಯೂ ಆಗದ ನೋವು ಈಗೇಕೆ? ನನಗೆ ತಲೆಬುಡ ತಿಳಿಯಲಿಲ್ಲ.

"ಅಲ್ಲಿ ಮಾಡೋದನ್ನ ಇಲ್ಲೇ ಮಾಡಿ ತೋರಿಸಿ" ಎಂದೆ.

ಆಕೆ ಒಂದು ಸಾಲನ್ನು ಅಳುತ್ತಾ ಹೇಳಿದರು. ಹೊರಗೆ ಕೂತಿದ್ದ ಅಜ್ಜಿ, "ಅಯ್ಯೋ, ಆ ಹುಡುಗೀಗೆ ಏನ್ ಮಾಡ್ತಿದಾರೆ?" ಎಂದು ಎದ್ದೇಬಿಟ್ಟರು. ಅತ್ತಾಗ ದವಡೆ ಹಗುರವಾಗಿಯೇ ಇತ್ತು. ಮುಂದಿನ ಸಾಲಿಗಾಗಿ ಸುಮ್ಮನಾದಾಗ ಮಾತ್ರ ಕೆನ್ನೆ ಕಲ್ಲಿನಂತಾಯಿತು.

"ಈಗ ಏನ್ ಮಾಡ್ತಿದೀರ?"

"ಏನೂ ಇಲ್ಲ. ನನ್ನ ಸಾಲಿಗೆ ಕಾಯ್ತಿದೀನಿ. ಉಸಿರೂ ಮೈಕ್‌ಗೆ ಕೇಳಬಾರದಲ್ವಾ?"

ಹಲ್ಲು ಕಚ್ಚಿ ಕಾಯುತ್ತಿದ್ದರು. ಕಾರಣ ಇದೇ ಇರಬಹುದು ಎನ್ನಿಸಿತು; ಖಚಿತವೆನ್ನುವ ಧೈರ್ಯವಿರಲಿಲ್ಲ.

"ಹಲ್ಲು ಎಲ್ಲಿಗೂ ಓಡಿಹೋಗಲ್ಲ. ಎರಡು ವಾರ ಕೊಡಿ."

"ಪಿಕ್ಚರ್ ಓಡಿಹೋಗತ್ತೆ. ಒಂದು ವಾರ."

"ಆಯ್ತು, ಆ ವಾರ ಬಾಯಿ ಅಗಲಿಸಿ ಕಿರುಚೋದು, ಅಳೋದು ಬೇಡ."

ನಿರ್ದೇಶಕರನ್ನು ಒಪ್ಪಿಸಿ ಮೆಲುಮಾತಿನ ಸಾಲುಗಳನ್ನು ಮೊದಲು ಮುಗಿಸಿದರು. ಮೆತ್ತನೆಯ ಊಟ, ಕೆನ್ನೆಗೆ ಬಿಸಿಬಟ್ಟೆ, ತುಟಿ ಮುಚ್ಚಿದರೂ ಹಲ್ಲಿಗೆ ಹಲ್ಲು ತಾಗಿಸದ ಅಭ್ಯಾಸ. ವಾರ ಕಳೆದು ಫೋನ್ ಬಂತು: "ನೋವು ಇಳಿದಿದೆ ಡಾಕ್ಟ್ರೇ, ಅಳೋ ಸೀನೂ ಮುಗೀತು. ಕಟಕ್ ಇನ್ನೂ ಇದೆ, ಆಕಳಿಸಿದಾಗ ಮಾತ್ರ. ಹೀರೋಯಿನ್ ಆಕಳಿಸಲ್ಲ ಬಿಡಿ!"

ಗುಣ ಕಂಡದ್ದು ಬಿಸಿಬಟ್ಟೆಯಿಂದಲೋ, ಕಚ್ಚುವುದು ಬಿಟ್ಟಿದ್ದರಿಂದಲೋ, ಇವತ್ತಿಗೂ ನನಗೆ ಗೊಂದಲವೇ. ನೋವಿಲ್ಲದ ಬರೀ ಸದ್ದಿಗೆ ಹೆದರಬೇಡಿ. ತೆರೆಯಲೋ ಮುಚ್ಚಲೋ ಆಗದಂತೆ ಬಾಯಿ ಸಿಕ್ಕಿಕೊಂಡರೆ ವೈದ್ಯರ ಬಳಿ ಹೋಗಲು ತಡಮಾಡಬೇಡಿ. ಕಾರಣ ಸ್ಪಷ್ಟವಾಗದಿದ್ದಾಗ, ವಾಪಸ್ ಪಡೆಯಲಾಗದ್ದನ್ನು ಮೊದಲು ಕೊಡಬೇಡಿ. ಗಿರಿಜಾ ಅವರ ಹಲ್ಲು ಇವತ್ತಿಗೂ ಅವರ ಬಾಯಲ್ಲೇ ಇದೆ.